ಎದುರಿನ ಮಾತನ್ನು ಕತ್ತರಿಸಿದ ಮೇಲೆ ವಾಲಿಯ ಅರ್ಥ ಯಾರದು?

ಹಳೆಯ ಕ್ಯಾಸೆಟ್:

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು ಊರಿನ ದೇವಸ್ಥಾನದ ತಾಳಮದ್ದಳೆ (ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು ಮತ್ತು ಮಾತಿನಿಂದಲೇ ನಡೆಸುವ ಯಕ್ಷಗಾನ) ಕೂಟಗಳಿಗೆ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಧ್ವನಿಮುದ್ರಿಸಿಕೊಂಡ ಅರುವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು ನಮ್ಮ ಮನೆಯ ಅಟ್ಟದಲ್ಲಿದ್ದವು. ಅವುಗಳಲ್ಲಿ ಫಂಗಸ್ ಹಿಡಿಯದೆ ಉಳಿದವನ್ನು ಕಳೆದ ಎರಡು ಮಳೆಗಾಲಗಳಲ್ಲಿ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಯೂಟ್ಯೂಬಿನಲ್ಲಿ ಹಾಕುತ್ತ ಬಂದಿದ್ದೇನೆ. ಹಣದ ಆಸೆಯಿಂದ ಮಾಡಿದ ಕೆಲಸವಲ್ಲ; ಜಾಹೀರಾತನ್ನೂ ಇಟ್ಟಿಲ್ಲ.

ಅವುಗಳಲ್ಲಿ 1987ರ ಒಂದು ‘ವಾಲಿ ವಧೆ’ ಇದೆ. ಇಬ್ಬರು ಹಿರಿಯ ಅರ್ಥಧಾರಿಗಳು, ಅಂದರೆ ಪಾತ್ರದ ಮಾತನ್ನು (ಅದಕ್ಕೇ ‘ಅರ್ಥ’ ಎನ್ನುವುದು) ಆಶುವಾಗಿ ಆಡುವವರು, ವಾಲಿ ಮತ್ತು ರಾಮನಾಗಿ ಮುಖಾಮುಖಿಯಾದ ಕೂಟ ಅದು. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಹನ್ನೊಂದು ನಿಮಿಷಗಳ ಕಾಲ ಪ್ರಶ್ನಿಸುತ್ತಾನೆ. ಯಾರೋ ಒಬ್ಬರು ಅದರಿಂದ ಮೂರು ನಿಮಿಷಗಳ ತುಣುಕನ್ನು ಕತ್ತರಿಸಿ, ವಾಲಿಯ ಅರ್ಥ ಹೇಳಿದವರ ಭಾವಚಿತ್ರವನ್ನೂ ಹೆಸರನ್ನೂ ಮೇಲೆ ಅಂಟಿಸಿ ಹಂಚಿದರು. ಅದು ನನ್ನ ಇಡೀ ಸಂಗ್ರಹವನ್ನು ಕೇಳಿದವರಿಗಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಈಗ ತಲುಪಿದೆ.

ನನ್ನ ತಕರಾರು ಹಂಚಿಕೆಯ ಬಗ್ಗೆ ಅಲ್ಲ. ಮೂಲದಲ್ಲಿ ವಾಲಿಯ ಮಾತು ಏರುತ್ತ ಏರುತ್ತ ಹೋಗಿ, ಇನ್ನು ಎದುರು ಮಾತೇ ಇಲ್ಲ ಎನ್ನುವಂತಾದಾಗ, ರಾಮನ ಅರ್ಥ ಹೇಳುತ್ತಿದ್ದವರು ಅತ್ಯಂತ ತಣ್ಣಗೆ, “ರುಮೆ ಈಗ ಎಲ್ಲಿದ್ದಾಳೆ?” ಎಂದು ಕೇಳುತ್ತಾರೆ. ಅಷ್ಟೇ. ಆಮೇಲೆ ಆರೇಳು ಸೆಕೆಂಡುಗಳ ಮೌನ. ಮದ್ದಳೆಯವರು ಒಂದೇ ಒಂದು ಪೆಟ್ಟು ಕೊಡುತ್ತಾರೆ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನ ಬಾಯಿಂದ ಧರ್ಮದ ಮಾತು ಮುಂದೆ ಹೇಗೆ ಬರಬೇಕು? ವಾಲಿಯ ಧ್ವನಿ ಇಳಿಯುತ್ತದೆ, ವಾದದ ದಿಕ್ಕೇ ಬದಲಾಗುತ್ತದೆ. ತುಣುಕು ಮಾಡಿದವರು ಆ ಪ್ರಶ್ನೆಯನ್ನೂ ಮೌನವನ್ನೂ ತೆಗೆದು ಎರಡು ತುದಿಗಳನ್ನು ಜೋಡಿಸಿದ್ದಾರೆ. ಈಗ ಕೇಳುವವರಿಗೆ ವಾಲಿಯ ದನಿ ಕಾರಣವಿಲ್ಲದೆ ಕುಸಿಯುತ್ತದೆ. ಕೆಳಗೆ ನೂರಾರು ಜನ “ಸಾಯುವವನ ಸಂಕಟವನ್ನು ಎಷ್ಟು ಚೆನ್ನಾಗಿ ತಂದಿದ್ದಾರೆ” ಎಂದು ಬರೆದಿದ್ದಾರೆ.

ಆ ಮೂರು ನಿಮಿಷಗಳು ಯಾರ ಸೃಷ್ಟಿ ಎನ್ನುವುದು ನನ್ನನ್ನು ಕಾಡುತ್ತಿರುವ ಪ್ರಶ್ನೆ. ಮಾತಾಡಿದವರದೇ? ಕೇಳಿ ಕೆಣಕಿದವರದೇ? ಪದ್ಯ ಹಾಡಿ ಸಂದರ್ಭವನ್ನು ಕಟ್ಟಿಕೊಟ್ಟ ಭಾಗವತರದೇ? ಆ ಪದ್ಯಗಳ ಪ್ರಸಂಗ ಬರೆದ ಕವಿಯದೇ? ಹಲವರು ಸೇರಿ ಕಟ್ಟುವ ಕಲೆಗೆ ಅಂತರ್ಜಾಲ ಒಳ್ಳೆಯ ಕಾಲವನ್ನು ತಂದಿದೆ ಎಂದು ಎಲ್ಲರೂ ಹೇಳುತ್ತಿರುವಾಗ, ಹಲವರ ಕಲೆ ಅಲ್ಲಿ ಒಬ್ಬರದಾಗಿ ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ತಿಳಿದವರು ಹೇಳಬೇಕು.

ಎದುರು ಅರ್ಥ:

ತಮ್ಮ ಬೇಸರ ಅರ್ಥವಾಗುತ್ತದೆ, ಆದರೂ ಎದುರು ಮಾತನ್ನು ಹೇಳುತ್ತೇನೆ. ಹೆಸರಿಗೆ ತಕ್ಕಂತೆ ನಡೆದುಕೊಳ್ಳಬೇಕಲ್ಲ.

ರಾಮನ ಪಾತ್ರ ವಹಿಸಿದ ಬೇರೆ ಹತ್ತು ಮಂದಿ ಅದೇ ಪ್ರಶ್ನೆಯನ್ನು ಕೇಳಿರಬಹುದು. ರುಮೆಯ ವಿಷಯ ವಾಲ್ಮೀಕಿಯಲ್ಲೇ ಇದೆ, ಅದೇನೂ ಆ ರಾತ್ರಿಯ ಆವಿಷ್ಕಾರವಲ್ಲ. ಆ ಪ್ರಶ್ನೆಗೆ ಈ ಒಬ್ಬರು ಕೊಟ್ಟ ಉತ್ತರವಿದೆಯಲ್ಲ, ಅದು ಬೇರೆಯವರಿಂದ ಬರಲಿಲ್ಲ. ಒಂದೇ ಪ್ರಸಂಗ, ಅವೇ ಪದ್ಯಗಳು, ಅದೇ ಭಾಗವತಿಕೆ ಇದ್ದಾಗಲೂ ಒಂದು ಕೂಟ ಎದ್ದು ನಿಂತು ಇನ್ನೊಂದು ಮಲಗುತ್ತದೆ ಎಂದಾದರೆ, ವ್ಯತ್ಯಾಸವಾಗಿರುವುದು ವ್ಯಕ್ತಿಯಲ್ಲಿ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಮೈಲುಗಟ್ಟಲೆ ನಡೆದು ಬರುತ್ತಿದ್ದದ್ದು ಸಾಮೂಹಿಕ ಕಲೆಯ ಮೇಲಿನ ಅಭಿಮಾನದಿಂದಲ್ಲ, ಶೇಣಿಯವರ ಮೇಲಿನ ಅಭಿಮಾನದಿಂದ.

ಸಾಮೂಹಿಕತೆ ಎಂಬ ಮಾತನ್ನು ಈಚೆಗೆ ನಾವು ತೀರಾ ಧಾರಾಳವಾಗಿ ಬಳಸುತ್ತಿದ್ದೇವೆ ಎಂಬ ಗುಮಾನಿ ನನಗಿದೆ. ಜಗಲಿಯಲ್ಲಿ ಕುಳಿತವರೆಲ್ಲ ಕಲೆಗಾರರಾಗುವುದಿಲ್ಲ. ದೀಪ ಹಚ್ಚಿದವನ ಹೆಸರನ್ನೂ ಬರೆಯಬೇಕೆಂದರೆ ಪಟ್ಟಿಗೆ ಕೊನೆಯೇ ಇರುವುದಿಲ್ಲ, ಓದುವವರೂ ಇರುವುದಿಲ್ಲ.

ಗಮಕಪ್ರಿಯೆ:

ಈ ಇಬ್ಬಂದಿ ಕಂಪ್ಯೂಟರಿನಿಂದ ಬಂದದ್ದಲ್ಲ ಎಂದು ತೋರಿಸಲು ಗದುಗಿನ ಭಾರತಕ್ಕೆ ಹೋಗುತ್ತೇನೆ. ಪೀಠಿಕೆಯಲ್ಲಿ ಕುಮಾರವ್ಯಾಸ “ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ” ಎನ್ನುತ್ತಾನೆ. ಅಲ್ಲಿಗೆ ತಾನು ಬರೀ ಬರೆದುಕೊಳ್ಳುವವನು. ಅದೇ ಪೀಠಿಕೆಯಲ್ಲಿ ಅದೇ ಕವಿ, ಹಲಗೆ ಬಳಪ ಹಿಡಿಯದ ಅಗ್ಗಳಿಕೆ ತನ್ನದು, ಇಟ್ಟ ಪದವನ್ನು ಅಳಿಸದ ಅಗ್ಗಳಿಕೆ ತನ್ನದು, ಬೇರೆಯವರ ರೀತಿಯನ್ನು ಕೊಳ್ಳದ ಅಗ್ಗಳಿಕೆ ತನ್ನದು ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಕರಡಿಲ್ಲ, ತಿದ್ದುಪಡಿಯಿಲ್ಲ, ಸಾಲವಿಲ್ಲ ಎಂಬ ಈ ಹೆಮ್ಮೆಯನ್ನೂ ‘ನಾನು ಬರೆಯಲೇ ಇಲ್ಲ’ ಎಂಬ ವಿನಯವನ್ನೂ ಒಂದೇ ಉಸಿರಿನಲ್ಲಿ ಹೇಳಲು ಅವನಿಗೆ ಯಾವ ಸಂಕೋಚವೂ ಆಗಲಿಲ್ಲ.

ಆಮೇಲೆ ಏನಾಯಿತು ನೋಡಿ. ಅವನ ಕಾವ್ಯ ಹತ್ತು ಪರ್ವಗಳಿಗೆ ನಿಂತಿತು; ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಓಲೆಗರಿಯಲ್ಲಿ ಪ್ರತಿ ಮಾಡಿದವರು ಅಲ್ಲಲ್ಲಿ ಪದ್ಯಗಳನ್ನು ಸೇರಿಸಿದರು, ಬಿಟ್ಟರು. ಊರೂರಿನಲ್ಲಿ ಗಮಕಿಗಳು ವಾಚಿಸಿದರು, ಪಕ್ಕದಲ್ಲಿ ಕುಳಿತು ವ್ಯಾಖ್ಯಾನ ಮಾಡಿದವರು ತಮ್ಮ ಕಾಲದ ಮಾತನ್ನು ಬೆರೆಸಿದರು. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಕರ್ಣಪರ್ವದ ಪದ್ಯಗಳು ಬಾಯಿಗೆ ಬರುತ್ತಿದ್ದವು. ಅವರು ಕಲಿತದ್ದು ಕುಮಾರವ್ಯಾಸನಿಂದ ಎನ್ನುವುದೂ ನಿಜ, ಊರಿನ ವಾಚನಕಾರರಿಂದ ಎನ್ನುವುದೂ ನಿಜ.

ಹಾಗಾಗಿ ವ್ಯಕ್ತಿಯೋ ಸಮೂಹವೋ ಎಂದು ಒಂದನ್ನು ಆರಿಸಬೇಕಾದ ಒತ್ತಡವೇ ನನಗೆ ಕಾಣುವುದಿಲ್ಲ. ವ್ಯತ್ಯಾಸವಿರುವುದು ಬೇರೊಂದು ಕಡೆ. ಗಮಕದಲ್ಲಿ ವಾಚನಕಾರರೂ ವ್ಯಾಖ್ಯಾನಕಾರರೂ ಕಣ್ಣೆದುರಿಗೆ ಅಕ್ಕಪಕ್ಕ ಕುಳಿತಿರುತ್ತಾರೆ, ಯಾರು ಏನು ಮಾಡುತ್ತಿದ್ದಾರೆ ಎಂದು ಕೇಳುಗನಿಗೆ ತಿಳಿದಿರುತ್ತದೆ. ಪರದೆಯ ಮೇಲೆ ಅದು ಕಾಣುವುದಿಲ್ಲ.

ಚಕ್ರತಾಳ:

ನಾನು ಹಿಮ್ಮೇಳದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕುಳಿತುಕೊಳ್ಳುವವನು. ಹೆಚ್ಚು ಬರೆಯಲು ಬರುವುದಿಲ್ಲ, ಒಂದು ಅನುಭವ ಹೇಳುತ್ತೇನೆ.

ಹೋದ ವರ್ಷ ಒಂದು ಕೂಟದ ಧ್ವನಿಮುದ್ರಣವನ್ನು ‘ಸ್ವಚ್ಛ’ ಮಾಡಿ ಕಳುಹಿಸಿದರು. ಗದ್ದಲ ತೆಗೆಯುವ ತಂತ್ರಾಂಶಕ್ಕೆ ಮನುಷ್ಯರ ಮಾತು ಮುಖ್ಯ, ಉಳಿದದ್ದೆಲ್ಲ ಗದ್ದಲ. ಮಾತಿನ ನಡುವೆ ನಾನು ಮೆಲ್ಲಗೆ ಕೊಟ್ಟ ಪೆಟ್ಟುಗಳು, ಚಕ್ರತಾಳದ ನಾದ, ಸಭೆಯ “ಹ್ಞಾಂ” ಎಂಬ ಉದ್ಗಾರ, ಎಲ್ಲವೂ ಮಾಯವಾಗಿದ್ದವು. ಅರ್ಥಧಾರಿ ಖಾಲಿ ಕೋಣೆಯಲ್ಲಿ ಕುಳಿತು ಒಬ್ಬರೇ ಮಾತಾಡಿದಂತೆ ಕೇಳಿಸುತ್ತಿತ್ತು. ಆ ಅರ್ಥಧಾರಿಗಳೇ ನನಗೆ ಫೋನು ಮಾಡಿ, “ಇದು ನಾನಲ್ಲ ಮಾರಾಯರೇ” ಎಂದರು.

‘ಎದುರು ಅರ್ಥ’ ಅವರೇ, ದೀಪ ಹಚ್ಚಿದವನ ಹೆಸರು ಬೇಡ. ಆದರೆ ಮದ್ದಳೆಯವನು ದೀಪ ಹಚ್ಚುವವನಲ್ಲ. ಮಾತು ಮುಗಿಯುವ ಹೊತ್ತನ್ನು ಹಿಡಿದು ಭಾಗವತರು ಪದ್ಯ ಎತ್ತದಿದ್ದರೆ ಎಷ್ಟು ದೊಡ್ಡ ಅರ್ಥಧಾರಿಯಾದರೂ ನೀರಿನಿಂದ ತೆಗೆದ ಮೀನು.

ಕಟಕಟೆ:

ನಾನು ವೃತ್ತಿಯಿಂದ ವಕೀಲ, ಹವ್ಯಾಸದಿಂದ ಕೇಳುಗ. ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದು ಸ್ವಾರಸ್ಯಕರವಾಗಿದೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಬೇಕು.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಜಂಟಿ ಕರ್ತೃತ್ವ ಎಂಬ ಪರಿಕಲ್ಪನೆ ಇದೆ. ಆದರೆ ಒಬ್ಬರ ಕೊಡುಗೆಯನ್ನು ಇನ್ನೊಬ್ಬರದರಿಂದ ಬೇರ್ಪಡಿಸಲು ಆಗದಿದ್ದರೆ ಮಾತ್ರ ಅದು ಜಂಟಿ ಕೃತಿ. ತಾಳಮದ್ದಳೆಯಲ್ಲಿ ವಾಲಿಯ ಮಾತು ಯಾವುದು, ರಾಮನ ಮಾತು ಯಾವುದು ಎಂದು ಮಗುವಿಗೂ ತಿಳಿಯುತ್ತದೆ. ಮಾತುಗಳು ಬೇರೆ ಬೇರೆ, ಅರ್ಥ ಮಾತ್ರ ಒಂದನ್ನು ಬಿಟ್ಟು ಇನ್ನೊಂದಿಲ್ಲ. ಕಾಯ್ದೆಯ ಕಣ್ಣಿಗೆ ಮೊದಲನೆಯದು ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ಇನ್ನೂ ತಮಾಷೆಯೆಂದರೆ, ಧ್ವನಿಮುದ್ರಣದ ಮಟ್ಟಿಗೆ ಕಾಯ್ದೆ ‘ಕರ್ತೃ’ ಎಂದು ಕರೆಯುವುದು ಅದರ ನಿರ್ಮಾಪಕನನ್ನು, ಅಂದರೆ ಮುದ್ರಿಸುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತವನನ್ನು. ಆ ಲೆಕ್ಕದಲ್ಲಿ ಆ ಕ್ಯಾಸೆಟ್ಟಿನ ಕರ್ತೃ, ಇಡೀ ರಾತ್ರಿ ಒಂದು ಮಾತನ್ನೂ ಆಡದೆ ಕುಳಿತಿದ್ದ ತಮ್ಮ ತಂದೆಯವರು!

ಕಲಾವಿದರಿಗೆ ಪ್ರದರ್ಶಕರ ಹಕ್ಕು ಎಂಬುದು 1994ರ ತಿದ್ದುಪಡಿಯಿಂದ ಬಂತು. 2012ರ ತಿದ್ದುಪಡಿ, ತನ್ನನ್ನು ಪ್ರದರ್ಶಕನೆಂದು ಗುರುತಿಸಬೇಕು ಎಂದು ಕೇಳುವ, ತನ್ನ ಪ್ರದರ್ಶನವನ್ನು ಹೆಸರಿಗೆ ಕುಂದು ಬರುವಂತೆ ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನೂ ಕೊಟ್ಟಿತು. ಅದರ ಬೆನ್ನಿಗೇ ಒಂದು ವಿವರಣೆ ಇದೆ: ಸಂಕಲನಕ್ಕಾಗಿಯೋ ಸೀಮಿತ ಅವಧಿಗೆ ಹೊಂದಿಸಲೋ ಒಂದು ಭಾಗವನ್ನು ತೆಗೆದುಹಾಕಿದ ಮಾತ್ರಕ್ಕೆ ಪ್ರದರ್ಶಕನ ಹೆಸರಿಗೆ ಕುಂದಾಯಿತೆಂದು ಭಾವಿಸತಕ್ಕದ್ದಲ್ಲ. “ರುಮೆ ಎಲ್ಲಿ” ಎಂಬ ಪ್ರಶ್ನೆ ಕತ್ತರಿಗೆ ಸಿಕ್ಕಿದ್ದು ಈ ಬಾಗಿಲಿನಲ್ಲೇ. 1987ರ ಕೂಟಕ್ಕೆ ಈ ಹಕ್ಕುಗಳು ಎಷ್ಟು ಅನ್ವಯಿಸುತ್ತವೆ ಎಂಬುದು ಪ್ರತ್ಯೇಕ ವಾದ.

ಯಕ್ಷಗಾನದ ಒಡೆತನವೇ ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣವೊಂದನ್ನೂ ಇಲ್ಲಿ ನೆನೆಯಬೇಕು. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯ ರೂಪಕ್ಕೆ ತಂದರು; ಅರ್ಥಗಾರಿಕೆಯನ್ನು ಕೈಬಿಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿ, ವೇಷ ಮತ್ತು ಚಲನೆಗಳನ್ನು ತಮ್ಮ ಕಲ್ಪನೆಯಂತೆ ರೂಪಿಸಿದರು. 1997ರಲ್ಲಿ ಅವರು ತೀರಿಕೊಂಡ ನಂತರ, 2001ರಲ್ಲಿ ಮಣಿಪಾಲದ ಶಿಕ್ಷಣ ಸಂಸ್ಥೆಯೊಂದು ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದಾಗ, ಉಯಿಲಿನ ಮೂಲಕ ಹಕ್ಕು ಪಡೆದವರು ದಾವೆ ಹೂಡಿದರು. ಕಾರಂತರು ಸಂಸ್ಥೆಯ ಕೇಂದ್ರದ ನಿರ್ದೇಶಕರಾಗಿದ್ದರು, ಆದ್ದರಿಂದ ಕೃತಿ ತನ್ನದೆಂದು ಸಂಸ್ಥೆ ಮಾಡಿದ ವಾದವನ್ನು ಹೈಕೋರ್ಟು ಒಪ್ಪಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು, ತಡೆಯಾಜ್ಞೆಯನ್ನು ಉಳಿಸಿಕೊಂಡೇ, ಕಾಯ್ದೆಯ 52ನೆಯ ಕಲಮಿನಲ್ಲಿ ಅನುಮತಿಸಿರುವ ಬಗೆಯ ಪ್ರದರ್ಶನಗಳಿಗೆ ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು.

ನನಗೆ ಅನಿಸುವುದಿಷ್ಟು. ಯಾವ ರೂಪದಲ್ಲಿ ಆಶುವಾಗಿ ಆಡುವ ಮಾತು ಇಲ್ಲವಾಯಿತೋ, ಚಲನೆಗಳು ಒಬ್ಬರ ಕಲ್ಪನೆಯಲ್ಲಿ ನಿಗದಿಯಾದವೋ, ಆ ರೂಪಕ್ಕೆ ಒಬ್ಬ ಒಡೆಯ ಸಿಕ್ಕಿದ. ಮಾತು ಉಳಿದ ಬಯಲಾಟಕ್ಕೂ ತಾಳಮದ್ದಳೆಗೂ ಇಂದಿಗೂ ಅಂಥ ಒಡೆಯನಿಲ್ಲ.

ಹಳೆಯ ಕ್ಯಾಸೆಟ್:

ವಕೀಲರೇ, ತಂದೆಯವರು ಇದ್ದಿದ್ದರೆ ಈ ಮಾತು ಕೇಳಿ ಬಹಳ ನಗುತ್ತಿದ್ದರು. 90 ನಿಮಿಷಗಳ ಕ್ಯಾಸೆಟ್ಟಿನ ಮಗ್ಗುಲು ಬದಲಿಸುವಾಗ ಪ್ರತಿ 45 ನಿಮಿಷಕ್ಕೊಮ್ಮೆ ಅವರು ನಾಲ್ಕು ಮಾತುಗಳನ್ನು ಕಳೆದುಕೊಂಡಿದ್ದಾರೆ. ಕಲೆಗೆ ಅವರು ಸೇರಿಸಿದ್ದಿದ್ದರೆ ಆ ಖಾಲಿ ಜಾಗಗಳು ಮಾತ್ರ.

ಪ್ರಸಂಗಕವಿಯ ಮಾತನ್ನು ಯಾರೂ ಎತ್ತಲಿಲ್ಲ ಎಂಬುದನ್ನೂ ಗಮನಿಸಬೇಕು. ನಾವು ಬಳಸುವ ಪದ್ಯಗಳು ಪಾರ್ತಿಸುಬ್ಬನದೆಂದು ಪ್ರಸಿದ್ಧ. ಆತ ಯಾರು, ಯಾವ ಪ್ರಸಂಗಗಳು ಅವನವು ಎಂದು ಮುಳಿಯ ತಿಮ್ಮಪ್ಪಯ್ಯ, ಕಾರಂತರಂಥ ಘಟಾನುಘಟಿಗಳೇ ವಾದ ಮಾಡಿದ್ದಾರೆ. ಮೂರು ನಿಮಿಷಗಳ ತುಣುಕಿನಲ್ಲಿ ಪದ್ಯವೇ ಇಲ್ಲವಾದ್ದರಿಂದ ಸುಬ್ಬನಿಗೆ ಆ ಚಿಂತೆಯೂ ತಪ್ಪಿತು.

ಕಡಲಾಚೆ:

ಬ್ರಿಟನ್ನಿನಲ್ಲಿ ಕುಳಿತು ಇದನ್ನು ಓದುತ್ತಿದ್ದೇನೆ. ಇಲ್ಲಿಯ ಒಂದು ನಿದರ್ಶನ ತಮ್ಮ ಚರ್ಚೆಗೆ ಹೊಂದುತ್ತದೆ.

ಟಿಕ್‌ಟಾಕಿನಲ್ಲಿ ‘ಡುಯೆಟ್’ ಎಂಬ ಸೌಲಭ್ಯವಿದೆ. ಭಾರತದಲ್ಲಿ ಅದು 2020ರ ಜೂನಿನಲ್ಲೇ ನಿಷೇಧಗೊಂಡದ್ದರಿಂದ ಹಲವರು ನೋಡಿರಲಾರರು. ಒಬ್ಬರು ಹಾಡಿದ್ದರ ಪಕ್ಕದಲ್ಲಿ ಇನ್ನೊಬ್ಬರು ತಮ್ಮ ದನಿಯನ್ನು ಸೇರಿಸಬಹುದು, ಅದರ ಮೇಲೆ ಮೂರನೆಯವರು, ನಾಲ್ಕನೆಯವರು. ಸ್ಕಾಟ್ಲೆಂಡಿನ ಅಂಚೆಯಾಳು ನೇಥನ್ ಎವಾನ್ಸ್ ‘ವೆಲ್ಲರ್‌ಮನ್’ ಎಂಬ, ನ್ಯೂಜಿಲೆಂಡಿನ ತಿಮಿಂಗಿಲ ಬೇಟೆಯ ಕಾಲದ ಹಳೆಯ ಹಾಡನ್ನು ಮೇಜು ಕುಟ್ಟುತ್ತ ಒಬ್ಬನೇ ಹಾಡಿದ. 2021ರ ಜನವರಿಯ ಹೊತ್ತಿಗೆ ಯಾರೋ ಮಂದ್ರ ದನಿ ಸೇರಿಸಿದರು, ಯಾರೋ ಪಿಟೀಲು ಸೇರಿಸಿದರು, ಅದು ಹಡಗಿನ ಅಟ್ಟದ ಮೇಲೆ ಹತ್ತಾರು ಮಂದಿ ಹಗ್ಗ ಜಗ್ಗುತ್ತ ಹಾಡಿದಂತೆ ಬೆಳೆಯಿತು. ಲಾಕ್‌ಡೌನಿನಲ್ಲಿ ಮನೆಯೊಳಗೆ ಒಂಟಿಯಾಗಿದ್ದ ನನ್ನಂಥವರಿಗೆ ಅದು ಕೊಟ್ಟ ಸಂತೋಷ ಸಣ್ಣದಲ್ಲ. ಮುಂದೆ ದೊಡ್ಡ ಧ್ವನಿಮುದ್ರಿಕೆ ಕಂಪನಿಯ ಒಪ್ಪಂದ ಬಂದದ್ದು ಎವಾನ್ಸ್‌ಗೆ. ಅವನ ಹೆಸರಿನ ರೀಮಿಕ್ಸ್ ಅದೇ ಮಾರ್ಚಿನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಎವಾನ್ಸನನ್ನು ನಾನು ದೂರುತ್ತಿಲ್ಲ. ಮೊದಲು ಹಾಡಿದ್ದು ಅವನೇ, ಚೆನ್ನಾಗಿಯೇ ಹಾಡಿದ. ಆದರೆ ನಾವೆಲ್ಲ ಮರುಳಾದದ್ದು ಆ ಪೇರಿಸಿಟ್ಟ ದನಿಗಳಿಗೆ. ಒಪ್ಪಂದಕ್ಕೆ ಸಹಿ ಹಾಕಲು ಮಾತ್ರ ಒಂದು ಕೈ ಬೇಕಾಗುತ್ತದೆ, ಒಂದು ಖಾತೆ ಬೇಕಾಗುತ್ತದೆ. ತಮ್ಮ ವಾಲಿಗೂ ಆದದ್ದು ಅದೇ ಎಂದು ನನ್ನ ಊಹೆ.

ಬಣ್ಣದ ಚೌಕಿ:

ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುವವಳು. ಒಂದು ಪಾತ್ರದ ಕಣ್ಣೆವೆಯನ್ನು ಒಬ್ಬರು, ನೆರಳನ್ನು ಇನ್ನೊಬ್ಬರು ಮಾಡುವ ಲೋಕ ನಮ್ಮದು. ಆದ್ದರಿಂದ ಸಾಮೂಹಿಕ ಕಲೆಯನ್ನು ಹೊಗಳಬೇಕಾದವಳು ನಾನೇ. ಆದರೂ ‘ಎದುರು ಅರ್ಥ’ ಅವರ ಪರವಾಗಿ ಎರಡು ಮಾತು ಹೇಳುತ್ತೇನೆ.

2017ರ ಏಪ್ರಿಲ್ 1ರಂದು ರೆಡಿಟ್ ಎಂಬ ಜಾಲತಾಣ ‘ಪ್ಲೇಸ್’ ಎಂಬ ಒಂದು ಖಾಲಿ ಹಾಳೆಯನ್ನು ತೆರೆದಿಟ್ಟಿತು. ಉದ್ದಕ್ಕೆ 1000, ಅಗಲಕ್ಕೆ 1000 ಚುಕ್ಕಿಗಳು, 16 ಬಣ್ಣಗಳು. ಒಬ್ಬರು ಒಂದು ಚುಕ್ಕಿ ಇಟ್ಟರೆ ಮುಂದಿನದಕ್ಕೆ ಕೆಲವು ನಿಮಿಷ ಕಾಯಬೇಕು. 72 ಗಂಟೆಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿ ಅದನ್ನು ತುಂಬಿಸಿದರು. ನಾನು ನಿದ್ದೆಗೆಟ್ಟು ನೋಡಿದೆ. ರಂಗೋಲಿಯ ಅಂಗಳದಲ್ಲಿ ಇಡೀ ಜಗತ್ತೇ ಚುಕ್ಕಿ ಇಡುತ್ತಿರುವಂತೆ ಇತ್ತು. ಕೊನೆಗೆ ಮೂಡಿದ್ದೇನು? ಹೆಚ್ಚಿನ ಪಾಲು ದೇಶಗಳ ಬಾವುಟಗಳು, ಆಟಗಳ ಲಾಂಛನಗಳು. ನಡುವೆ ಅತ್ಯಂತ ಜತನದಿಂದ ಕಾಯ್ದುಕೊಂಡ ಮೊನಾಲಿಸಾ. ಲಕ್ಷಾಂತರ ಕೈಗಳು ಸೇರಿದಾಗ ಎಲ್ಲರಿಗೂ ಮೊದಲೇ ಗೊತ್ತಿದ್ದ ಚಿತ್ರವನ್ನೇ ಬಿಡಿಸಬೇಕಾಯಿತು, ಏಕೆಂದರೆ ಗೊತ್ತಿಲ್ಲದ್ದನ್ನು ಒಟ್ಟಿಗೆ ಬಿಡಿಸಲು ಯಾರಾದರೂ ಒಬ್ಬರು ಅದನ್ನು ಮೊದಲು ಕಂಡಿರಬೇಕು.

ಇನ್ನೊಂದು ನಿದರ್ಶನ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದವರ ಕಿರುಚಿತ್ರಗಳು. 2008ರ ‘ಬಿಗ್ ಬಕ್ ಬನ್ನಿ’ಯನ್ನು ಮಾಡಿದವರು ಚಿತ್ರವನ್ನಷ್ಟೇ ಅಲ್ಲ, ಅದರ ಮಾದರಿಗಳನ್ನೂ ಕೆಲಸದ ಕಡತಗಳನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ನಾನು ಕೆಲಸ ಕಲಿತದ್ದೇ ಆ ಮೊಲವನ್ನು ಬಿಚ್ಚಿ ಜೋಡಿಸಿ. ಅಷ್ಟು ಧಾರಾಳಿಗಳೂ ನಿರ್ದೇಶನವನ್ನು ಒಬ್ಬರ ಕೈಯಲ್ಲೇ ಇಟ್ಟಿದ್ದರು. ಎಲ್ಲರೂ ಅಭಿಪ್ರಾಯ ಹೇಳಿ ಎಲ್ಲರ ಅಭಿಪ್ರಾಯವನ್ನೂ ಸೇರಿಸಿಕೊಂಡ ಚಿತ್ರಗಳಲ್ಲಿ ನಾನು ದುಡಿದಿದ್ದೇನೆ. ಅವು ಮದುವೆ ಮನೆಯಲ್ಲಿ ಹತ್ತು ಮಂದಿ ಉಪ್ಪು ಹಾಕಿದ ಸಾರಿನಂತೆ ಇರುತ್ತವೆ.

ಆದರೆ ತಾಳಮದ್ದಳೆ ಈ ಎರಡಕ್ಕೂ ಸೇರದು ಎಂದು ಇಲ್ಲಿಯ ಮಾತುಗಳನ್ನು ಓದಿದ ಮೇಲೆ ಅನಿಸುತ್ತಿದೆ. ಅಲ್ಲಿ ನಿರ್ದೇಶಕರಿಲ್ಲ, ಚುಕ್ಕಿ ಇಡುವ ಗುಂಪೂ ಇಲ್ಲ. ಇಬ್ಬರು ಎದುರು ಬದುರು ಕುಳಿತು, ಒಬ್ಬರನ್ನೊಬ್ಬರು ಸೋಲಿಸಲು ಹೊರಟು, ಆ ಹಟದಿಂದಲೇ ಒಂದನ್ನು ಕಟ್ಟುತ್ತಾರೆ. ನಮ್ಮ ಕೆಲಸದ ತಂತ್ರಾಂಶಗಳಲ್ಲಿ ಸಹಕಾರಕ್ಕೆ ಬೇಕಾದಷ್ಟು ಗುಂಡಿಗಳಿವೆ, ಇಂಥ ಜಗಳಕ್ಕೆ ಒಂದೂ ಇಲ್ಲ.

ಎದುರು ಅರ್ಥ:

ನನ್ನ ಪರವಾಗಿ ಬಂದವರೇ ಕೊನೆಗೆ ನನ್ನ ಕಾಲೆಳೆದರು. ಇರಲಿ.

ನಿನ್ನೆ ರಾತ್ರಿ ಮೂಲ ಧ್ವನಿಮುದ್ರಣವನ್ನು ಪೂರ್ತಿ ಕೇಳಿದೆ. ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳುತ್ತೇನೆ: ರುಮೆಯ ಪ್ರಶ್ನೆಯನ್ನು ಯಾರಾದರೂ ಕೇಳಬಹುದಿತ್ತು ಎಂದು ನಾನು ಬರೆದದ್ದು ಸರಿಯಲ್ಲ. ಅವರು ಅದನ್ನು ಕೇಳಿದ ಹೊತ್ತು ಅವರದೇ. ಹನ್ನೊಂದು ನಿಮಿಷ ಸುಮ್ಮನಿದ್ದು ಕೇಳಿದ್ದಾರೆ. ಎರಡನೆಯ ನಿಮಿಷದಲ್ಲಿ ಕೇಳಿದ್ದರೆ ವಾಲಿ ಅದನ್ನು ತಳ್ಳಿಹಾಕಿ ಮುಂದೆ ಹೋಗುತ್ತಿದ್ದ. ಆದರೆ ಗಮನಿಸಿ, ಹೀಗೆ ಹೇಳುವಾಗ ನಾನು ಸಮೂಹವನ್ನು ಒಪ್ಪಿದಂತಾಗಲಿಲ್ಲ. ಒಬ್ಬರ ಬದಲು ಇಬ್ಬರು ವ್ಯಕ್ತಿಗಳನ್ನು ಕಂಡೆ, ಚಕ್ರತಾಳದವರ ಮಾತನ್ನು ನೆನೆದು ಕೇಳಿದಾಗ ಮೂವರನ್ನು. ಆ ಒಂದು ಪೆಟ್ಟು ಮೌನವನ್ನು ಮುರಿಯಲಿಲ್ಲ, ಹಿಡಿದು ನಿಲ್ಲಿಸಿತು. ‘ಸಾಮೂಹಿಕ ಕಲೆ’ ಎಂದುಬಿಟ್ಟರೆ ಈ ಮೂವರೂ ಮತ್ತೆ ಗುಂಪಿನಲ್ಲಿ ಕರಗಿಹೋಗುತ್ತಾರೆ ಎಂಬ ಭಯ ನನಗೆ ಈಗಲೂ ಇದೆ.

ಗಮಕಪ್ರಿಯೆ:

ಆ ಭಯ ನ್ಯಾಯವಾದದ್ದೇ. ಹೆಸರುಗಳನ್ನು ಒಂದೊಂದಾಗಿ ಬರೆಯುವುದಕ್ಕೂ ‘ಎಲ್ಲರೂ ಸೇರಿ’ ಎಂದು ಬರೆಯುವುದಕ್ಕೂ ಬಹಳ ಅಂತರವಿದೆ. ಕೂಟದ ಕರಪತ್ರಗಳಲ್ಲಿ ಹಿಮ್ಮೇಳ, ಮುಮ್ಮೇಳ ಎಂದು ಬೇರೆ ಬೇರೆ ಸಾಲುಗಳಲ್ಲಿ ಹೆಸರು ಹಾಕುವ ಪದ್ಧತಿ ಇದೆಯಲ್ಲ, ಯೂಟ್ಯೂಬಿಗೆ ಅದು ಏಕೆ ಬರಬಾರದು?

ಹಳೆಯ ಕ್ಯಾಸೆಟ್:

ಎಲ್ಲರಿಗೂ ಋಣಿ. ತುಣುಕು ಮಾಡಿದವರಿಗೆ ವಿನಯದಿಂದ ಬರೆದಿದ್ದೆ. ಅವರು ಕಾಲೇಜು ಓದುತ್ತಿರುವ ಹುಡುಗ. ಮೂರು ನಿಮಿಷದ ಮಿತಿಗೆ ತರಬೇಕಾಗಿತ್ತು, ಮೌನವಿದ್ದರೆ ಜನ ಮುಂದಕ್ಕೆ ತಳ್ಳಿಬಿಡುತ್ತಾರೆ ಎಂದು ಪ್ರಾಮಾಣಿಕವಾಗಿ ಉತ್ತರಿಸಿದರು. ಪ್ರಶ್ನೆಯನ್ನೂ ಮೌನವನ್ನೂ ಉಳಿಸಿ, ಮೊದಲಿನ ಒಂದು ಭಾಗವನ್ನು ಬಿಟ್ಟು ಇನ್ನೊಂದು ತುಣುಕು ಮಾಡಿಕೊಟ್ಟಿದ್ದಾರೆ. ಮೊದಲಿನದನ್ನು ತೆಗೆಯಲು ಅವರಿಗೆ ಮನಸ್ಸಿಲ್ಲ, ನಾನೂ ಒತ್ತಾಯಿಸಲಿಲ್ಲ.

ಗಮಕಪ್ರಿಯೆ ಅಕ್ಕನವರ ಸಲಹೆಯಂತೆ ನನ್ನ ಎಲ್ಲ ಧ್ವನಿಮುದ್ರಣಗಳ ಕೆಳಗೂ ಕರಪತ್ರದ ಕ್ರಮದಲ್ಲೇ ಹೆಸರು ಹಾಕಲು ಕುಳಿತೆ. ಆಗ ತಿಳಿದದ್ದು, ತಂದೆಯವರು ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟದ್ದು ಅರ್ಥಧಾರಿಗಳ ಮತ್ತು ಭಾಗವತರ ಹೆಸರುಗಳನ್ನು ಮಾತ್ರ. ಕತ್ತರಿ ಹಿಡಿದ ಹುಡುಗನಿಗಿಂತ ಮೂವತ್ತು ವರ್ಷ ಮೊದಲೇ ನಮ್ಮ ಮನೆಯಲ್ಲೇ ಮದ್ದಳೆಯವರ ಹೆಸರು ಬಿಟ್ಟುಹೋಗಿತ್ತು.

ಆದ್ದರಿಂದ ಒಂದು ವಿನಂತಿ. ‘ವಾಲಿ ವಧೆ’ಯ ಎರಡನೆಯ ಕ್ಯಾಸೆಟ್ಟಿನ 41ನೆಯ ನಿಮಿಷದಿಂದ ಮುಂದೆ ಮದ್ದಳೆಯ ನುಡಿತ ಬದಲಾದಂತೆ ನನಗೆ ಕೇಳಿಸುತ್ತದೆ. ಹಿಮ್ಮೇಳ ಬಲ್ಲವರು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಬಹುದೇ?

ಚಕ್ರತಾಳ:

ಕೇಳಿದೆ. ತಾವು ಹೇಳಿದ್ದು ಸರಿ, ಅದು ಎರಡು ಕೈಗಳ ಕೆಲಸ. ಮೊದಲಿನವರು ಯಾರೆಂದು ಗೊತ್ತಾಗಲಿಲ್ಲ. 41ನೆಯ ನಿಮಿಷದಿಂದ ನುಡಿಸಿದವರು ಎಡಗೈಯ ಪೆಟ್ಟನ್ನು ಸ್ವಲ್ಪ ತಡವಾಗಿ ಬಿಡುತ್ತಾರೆ. ನನ್ನ ಗುರುಗಳು ಹಾಗೆ ಬಿಡುತ್ತಿದ್ದರು, ಆದರೆ ಅವರ ಗುರುಗಳೂ ಹಾಗೆಯೇ ಬಿಡುತ್ತಿದ್ದರಂತೆ. ಭಾನುವಾರ ಗುರುಗಳ ಮನೆಗೆ ಹೋಗಿ ಅವರಿಗೇ ಕೇಳಿಸಿ ತಿಳಿಸುತ್ತೇನೆ. ಅಲ್ಲಿಯವರೆಗೆ ಆ ಸಾಲನ್ನು ಖಾಲಿ ಇಟ್ಟಿರಿ.